ಸೂಜಿ ತೂತಿಗೆ ನೆತ್ತರ ತೇಪೆ

ಕೀಲ್ ಜರ್ಮನಿಯ ಉತ್ತರದಂಚಿನ ಬಂದರು ಪಟ್ಟಣ. 1898ರ ಆಗಸ್ಟ್ 24ರಂದು ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಆಗಸ್ಟ್ ಬೀರ್ ತಮ್ಮ ಕಿರಿಯ ಸಹಾಯಕ ಆಗಸ್ಟ್ ಹಿಲ್ಡೆಬ್ರಾಂಟ್ ಅವರಿಗೆ ಬೆನ್ನು ಒಡ್ಡಿದರು. ಸೊಂಟದ ಎರಡು ಮೂಳೆಗಳ ಸಂದಿನಲ್ಲಿ ಸೂಜಿ ಇಳಿಯಿತು. ಅದರ ಬುಡದಿಂದ ತಿಳಿನೀರಿನಂಥ ದ್ರವ ತೊಟ್ಟಿಕ್ಕತೊಡಗಿತು. ಕೊಕೇನ್ ತುಂಬಿದ ಸಿರಿಂಜನ್ನು ಸೂಜಿಗೆ ಸಿಕ್ಕಿಸಿ ಒತ್ತುವುದಷ್ಟೇ ಬಾಕಿ ಇತ್ತು. ಆದರೆ ಸಿರಿಂಜು ಸೂಜಿಗೆ ಕೂರಲೇ ಇಲ್ಲ. ಎರಡರ ಅಳತೆಯೇ ಬೇರೆ. ಹಿಲ್ಡೆಬ್ರಾಂಟ್ ಪರದಾಡುತ್ತಿದ್ದಷ್ಟು ಹೊತ್ತೂ ಬೀರ್ ಅವರ ಬೆನ್ನಿನ ದ್ರವ ಹರಿದುಹೋಗುತ್ತಲೇ ಇತ್ತು. ಮದ್ದೂ ಬಹುಪಾಲು ಹೊರಗೇ ಚೆಲ್ಲಿತು. ಕೊನೆಗೆ ಸೂಜಿ ಕಿತ್ತು, ಗಾಯ ಮುಚ್ಚಿ, ಪ್ರಯೋಗ ಕೈಬಿಟ್ಟರು.

ಈಗ ತಮ್ಮ ಸರದಿ ಎಂದು ಹಿಲ್ಡೆಬ್ರಾಂಟ್ ಮುಂದೆ ಬಂದರು. ಈ ಸಲ ಎಲ್ಲವೂ ಸರಿಯಾಗಿ ಕೂತಿತು. ಐದು ಮಿಲಿಗ್ರಾಂ ಕೊಕೇನ್ ಒಳಗೆ ಹೋಯಿತು. ಕಾಲು ಮರಗಟ್ಟಿದೆಯೇ ಎಂದು ನೋಡಲು ಬೀರ್ ಹೂಡಿದ ಪರೀಕ್ಷೆಗಳ ಪಟ್ಟಿ ಓದಿದರೆ ಇವರಿಬ್ಬರೂ ಸ್ನೇಹಿತರೋ ಹಗೆಗಳೋ ಎಂಬ ಅನುಮಾನ ಬರುತ್ತದೆ. ತೊಡೆಮೂಳೆ ಮುಟ್ಟುವವರೆಗೆ ಸೂಜಿ ಚುಚ್ಚಿದರು. ಉರಿಯುವ ಚುಟ್ಟಾ ಒತ್ತಿದರು. ಗುಪ್ತಾಂಗದ ಕೂದಲು ಕಿತ್ತರು, ವೃಷಣ ಹಿಡಿದೆಳೆದರು, ಮೊಳಕಾಲ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಬಾರಿಸಿದರು. ಹಿಲ್ಡೆಬ್ರಾಂಟ್‌ಗೆ ನೋವೇ ಆಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಸ್ಪರ್ಶ ಮರಳತೊಡಗಿತು. ಇಬ್ಬರೂ ಖುಷಿಯಲ್ಲಿ ಊಟ ಮಾಡಿ, ವೈನ್ ಕುಡಿದು, ಚುಟ್ಟಾ ಸೇದಿ ಮಲಗಿದರು.

ಹಿಲ್ಡೆಬ್ರಾಂಟ್‌ಗೆ ಅಂದು ರಾತ್ರಿಯೇ ವಾಂತಿ, ತಲೆನೋವು. ಏಟು ಬಿದ್ದ ಕಾಲು ರಕ್ತ ಹೆಪ್ಪುಗಟ್ಟಿ ದಿನಗಟ್ಟಲೆ ನೋಯಿತು. ಬೀರ್ ಅವರ ಪಾಡು ಇನ್ನೂ ವಿಚಿತ್ರ. ಮದ್ದೇ ಸರಿಯಾಗಿ ಒಳಗೆ ಹೋಗದ ಅವರಿಗೆ ಎದ್ದು ಕೂತರೆ ತಲೆ ಸಿಡಿಯುವಂತಾಗುತ್ತಿತ್ತು, ಅಡ್ಡಾದರೆ ಮಾಯ. ಒಂಬತ್ತು ದಿನ ಹಾಸಿಗೆ ಬಿಟ್ಟೇಳಲಾಗಲಿಲ್ಲ. ಆಮೇಲೆ ಬಂದ ಹಾಗೆಯೇ ಅದು ಹೊರಟುಹೋಯಿತು.

ಬೆನ್ನಿಗೆ ಮದ್ದು ಚುಚ್ಚಿ ಕಾಲು ಮರಗಟ್ಟಿಸುವ ವಿಧಾನವನ್ನು ಬೀರ್ ಅದಕ್ಕೆ ಎಂಟು ದಿನ ಮೊದಲು, ಆಗಸ್ಟ್ 16ರಂದು, ಹಿಮ್ಮಡಿಗಂಟಿಗೆ ಕ್ಷಯ ತಗುಲಿದ್ದ ಕೂಲಿಕಾರನೊಬ್ಬನ ಮೇಲೆ ಪ್ರಯೋಗಿಸಿದ್ದರು. ಆ ಸಾಲಿನ ಆರು ರೋಗಿಗಳಲ್ಲಿ ಹಲವರು ತಲೆನೋವು, ವಾಂತಿ ಎಂದಿದ್ದರು. ಅದರ ರುಚಿ ಸ್ವತಃ ಕಂಡ ಮೇಲೆ ಬೀರ್ ಅದನ್ನು ವಿವರವಾಗಿ ಬರೆದಿಟ್ಟರು. 1899ರಲ್ಲಿ ಅಚ್ಚಾದ ಆ ಪ್ರಬಂಧ ಸ್ಪೈನಲ್ ಅರಿವಳಿಕೆಯ ಜನ್ಮಪತ್ರ. ಸ್ಪೈನಲ್ ತಲೆನೋವಿನ ವಿವರವೂ ಅದೇ ಹಾಳೆಗಳಲ್ಲಿದೆ. ಬೀರ್ ಅವರ ಪ್ರಾಮಾಣಿಕತೆ ಮುಂದೆ ಎಲ್ಲರಲ್ಲೂ ಇದ್ದಿದ್ದರೆ ಈ ಕಥೆ ಗಿಡ್ಡದಾಗುತ್ತಿತ್ತು. ಬೆನ್ನಿಗೆ ಸೂಜಿ ಇಳಿಸುವ ಚಾತುರ್ಯ ಬೇಗ ಬೇಗ ಬೆಳೆಯಿತು. ಅದರಿಂದ ಆಗುವ ತೊಂದರೆಯ ಲೆಕ್ಕ ಮಾತ್ರ ಪ್ರತಿ ಸಲವೂ ಬಹಳ ತಡವಾಗಿ ಬಂತು.

ತಲೆ ಯಾಕೆ ನೋಯುತ್ತದೆ? ಮಿದುಳು ಮತ್ತು ಬೆನ್ನುಹುರಿಯ ಸುತ್ತ ಡ್ಯೂರಾ ಎಂಬ ಗಟ್ಟಿ ಪೊರೆಯಿದೆ. ಅದರೊಳಗೆ ಸುಮಾರು 150 ಮಿಲಿಲೀಟರ್ ತಿಳಿದ್ರವ ಸದಾ ಇರುತ್ತದೆ, ದಿನಕ್ಕೆ 500 ಮಿಲಿಲೀಟರಿನಷ್ಟು ಹೊಸದಾಗಿ ಊರುತ್ತದೆ, ಅಷ್ಟೇ ರಕ್ತಕ್ಕೆ ಮರಳುತ್ತದೆ. ಮಿದುಳು ಅದರಲ್ಲಿ ತೇಲುತ್ತದೆ. ಬೀರ್ ಅವರ ಕೀಲ್‌ನಲ್ಲೇ 1891ರಲ್ಲಿ ಹೈನ್ರಿಶ್ ಕ್ವಿಂಕೆ ಸೊಂಟದಿಂದ ಆ ದ್ರವ ತೆಗೆಯುವ ಕ್ರಮ ರೂಢಿಸಿದ್ದರು. ಸೂಜಿ ಹೊರಬಂದ ಮೇಲೂ ಪೊರೆಯ ತೂತು ತೆರೆದೇ ಉಳಿದು ದ್ರವ ಸೋರುತ್ತಿರುತ್ತದೆ, ತಲೆನೋವಿಗೆ ಮೂಲ ಅದೇ ಎಂದು ಅಮೆರಿಕದ ಮ್ಯಾಕ್‌ರಾಬರ್ಟ್ 1918ರಲ್ಲಿ ವಾದಿಸಿದರು. 1943ರಲ್ಲಿ ಕುಂಕಲ್, ರೇ ಮತ್ತು ವುಲ್ಫ್ ಸ್ವಯಂಸೇವಕರ ಬೆನ್ನಿನಿಂದ ದ್ರವ ಬಸಿದು ನೋಡಿದರು. ಸುಮಾರು 20 ಮಿಲಿಲೀಟರ್ ಹೋಗುವಷ್ಟರಲ್ಲಿ, ಕೂತವರಿಗೆ ತಲೆನೋವು ಹಾಜರು. ದ್ರವ ಕಡಿಮೆಯಾದಾಗ ಮಿದುಳು ತುಸು ಕೆಳಗೆ ಜಗ್ಗುತ್ತದೆ, ಅದನ್ನು ಹಿಡಿದಿಟ್ಟ ಪೊರೆ ಎಳೆಯುತ್ತದೆ. ಜೊತೆಗೆ ತಲೆಬುರುಡೆಯೊಳಗೆ ಖಾಲಿಯಾದ ಜಾಗ ತುಂಬಲು ರಕ್ತನಾಳಗಳು ಹಿಗ್ಗುತ್ತವೆ. ಬುರುಡೆಯೊಳಗಿನ ಒಟ್ಟು ಗಾತ್ರ ಬದಲಾಗದು, ಒಂದು ಕುಗ್ಗಿದರೆ ಇನ್ನೊಂದು ಉಬ್ಬಬೇಕು ಎಂಬ ಸೂತ್ರವನ್ನು ಸ್ಕಾಟ್ಲೆಂಡಿನ ಮನ್ರೋ ಮತ್ತು ಕೆಲ್ಲಿ ಅದಕ್ಕೆ ಎಷ್ಟೋ ಮುಂಚೆಯೇ ಹೇಳಿದ್ದರು.

ಕಾರಣ ಗೊತ್ತಾದ ಮೇಲೂ ಪರಿಹಾರ ಸಿಗಲಿಲ್ಲ. ಐವತ್ತು ವರ್ಷ ಕಾಲ ವೈದ್ಯರು ಮಾಡದ ಉಪಾಯವಿಲ್ಲ: ಹೊಟ್ಟೆಗೆ ಬಿಗಿಪಟ್ಟಿ, ಬಾಟಲಿಗಟ್ಟಲೆ ಸಲೈನ್, ಕೆಫೀನ್, ಕವುಚಿ ಮಲಗಿಸುವುದು. ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಅಲುಗಾಡದೆ ಮಲಗಬೇಕೆಂಬ ಆಜ್ಞೆ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಸಿಸೇರಿಯನ್ ಆದ ಬಾಣಂತಿಯ ಅಮ್ಮನಿಗೆ ನರ್ಸಮ್ಮ ಹೇಳುವ ಮೊದಲ ಮಾತು ಇಂದಿಗೂ 'ನಾಳೆವರೆಗೆ ದಿಂಬು ಕೊಡಬೇಡಿ' ಎಂಬುದೇ. ನೆದರ್ಲೆಂಡ್ಸ್‌ನ ಕಾರ್ಬಾಟ್ ಮತ್ತು ವಾನ್ ಕ್ರೆವೆಲ್ 1981ರಲ್ಲಿ ನೂರು ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು 24 ಗಂಟೆ ಮಲಗಿಸಿ, ಇನ್ನೊಂದನ್ನು ಕೂಡಲೇ ಎಬ್ಬಿಸಿ ನೋಡಿದರು. ತಲೆನೋವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಮೇಲಿನ ಅಧ್ಯಯನಗಳೂ ಅದನ್ನೇ ಹೇಳಿದವು. ದಿಂಬಿನ ಮೇಲಿನ ನಿಷೇಧ ಮಾತ್ರ ವಾರ್ಡು ಬಿಟ್ಟು ಕದಲಿಲ್ಲ.

ನಿಜವಾಗಿ ಕೆಲಸಕ್ಕೆ ಬಂದದ್ದು ಸೂಜಿಯ ತುದಿ. ಕ್ವಿಂಕೆ ಹೆಸರಿನ ಸೂಜಿಯ ಮೊನೆ ಓರೆಯಾಗಿ ಹರಿತ. ಅದು ಪೊರೆಯನ್ನು ಕೊಯ್ಯುತ್ತದೆ. 1951ರಲ್ಲಿ ಹಾರ್ಟ್ ಮತ್ತು ವಿಟೇಕರ್ ಸೀಸದಕಡ್ಡಿಯ ಮೊನೆಯ ಸೂಜಿ ತಂದರು. ಅದು ಎಳೆಗಳನ್ನು ಸರಿಸಿಕೊಂಡು ಒಳಹೋಗುತ್ತದೆ, ತೂತು ಚಿಕ್ಕದಾಗುತ್ತದೆ. 1987ರಲ್ಲಿ ಜರ್ಮನಿಯ ಸ್ಪ್ರೋಟ್ಟೆ ಅದನ್ನು ಇನ್ನಷ್ಟು ತಿದ್ದಿದರು. ಇಷ್ಟಾದರೂ ಅನೇಕ ಆಸ್ಪತ್ರೆಗಳು ಹಳೆಯ ಹರಿತ ಸೂಜಿಯನ್ನೇ ಹಿಡಿದು ಕೂತವು. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 110 ಅಧ್ಯಯನಗಳ, 31,000ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟಾಗಿ ಬಂತು. ಹರಿತ ಸೂಜಿಯಲ್ಲಿ ನೂರಕ್ಕೆ 11 ಜನರಿಗೆ ತಲೆನೋವು, ಮೊಂಡು ಮೊನೆಯದರಲ್ಲಿ ನಾಲ್ಕು ಚಿಲ್ಲರೆ ಜನರಿಗೆ. ಸೂಜಿ ಬಂದದ್ದಕ್ಕೂ ಈ ಲೆಕ್ಕಕ್ಕೂ ನಡುವೆ 67 ವರ್ಷ.

ಇದರ ನಡುವೆ ಸ್ಪೈನಲ್ ಅರಿವಳಿಕೆಯೇ ಮೂಲೆಗುಂಪಾಗುವ ಕಾಲ ಬಂತು. 1947ರ ಅಕ್ಟೋಬರ್ 13ರಂದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ, ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ ಸಣ್ಣ ಶಸ್ತ್ರಕ್ರಿಯೆಗೆಂದು ಬಂದ ಇಬ್ಬರು ಗಂಡಸರು ಬೆನ್ನಿನ ಇಂಜೆಕ್ಷನ್ ಆದ ಮೇಲೆ ಸೊಂಟದ ಕೆಳಗೆ ಶಾಶ್ವತವಾಗಿ ಬಲ ಕಳೆದುಕೊಂಡರು. ಮದ್ದಿನ ಗಾಜಿನ ಕುಪ್ಪಿಗಳನ್ನು ಫಿನಾಲ್‌ನಲ್ಲಿ ಮುಳುಗಿಸಿಡುತ್ತಿದ್ದರು, ಕಣ್ಣಿಗೆ ಕಾಣದ ಬಿರುಕಿನಿಂದ ಫಿನಾಲ್ ಒಳಸೇರಿರಬೇಕು ಎಂದು ನ್ಯಾಯಾಲಯದಲ್ಲಿ ವಾದ ನಡೆಯಿತು. 1954ರಲ್ಲಿ ಮೇಲ್ಮನವಿಯನ್ನು ವಜಾ ಮಾಡಿದ ನ್ಯಾಯಾಧೀಶ ಡೆನಿಂಗ್, ಏಳು ವರ್ಷದ ಹಿಂದಿನ ಅಪಘಾತವನ್ನು ಇಂದಿನ ತಿಳಿವಳಿಕೆಯಿಂದ ಅಳೆಯಲಾಗದು ಎಂದರು. ಆ ಇಬ್ಬರಿಗೆ ಪರಿಹಾರವಿಲ್ಲ, ದೇಶಕ್ಕೆಲ್ಲ ಭಯ. ಬ್ರಿಟನ್‌ನಲ್ಲಿ ಬೆನ್ನಿಗೆ ಸೂಜಿ ಎಂದರೆ ವೈದ್ಯರೇ ಬೆಚ್ಚುವ ಸ್ಥಿತಿ ಬಹುಕಾಲ ಉಳಿಯಿತು. ಕುಪ್ಪಿಯಲ್ಲ, ಉಪಕರಣ ಕುದಿಸುವ ಪಾತ್ರೆಯ ಕರೆ ತೆಗೆಯಲು ಹಾಕಿದ ಆಮ್ಲ ಕಾರಣವಿರಬಹುದು ಎಂಬ ಇನ್ನೊಂದು ವಾದ 1990ರ ಹೊತ್ತಿಗೆ ಬಂತು. ಆಗ ಯಾರಿಗೂ ಅದರಿಂದ ಏನೂ ಆಗಬೇಕಿರಲಿಲ್ಲ.

ಅಮೆರಿಕದಲ್ಲಿ ವಂಡಮ್ ಮತ್ತು ಡ್ರಿಪ್ಸ್ ಎಂಬ ಇಬ್ಬರು ವೈದ್ಯರು ಈ ಭಯಕ್ಕೆ ಉತ್ತರವೆಂಬಂತೆ ಲೆಕ್ಕ ಇಟ್ಟರು. 10,098 ಸ್ಪೈನಲ್ ಅರಿವಳಿಕೆಗಳ ಹಿಂದೆ ಬಿದ್ದು, ರೋಗಿಗಳು ಮನೆಗೆ ಹೋದ ಮೇಲೂ ವಿಚಾರಿಸಿ, 1956ರಲ್ಲಿ ವರದಿ ಮಾಡಿದರು. ಪಾರ್ಶ್ವವಾಯು ಭಯಪಟ್ಟಷ್ಟು ಇಲ್ಲ. ತಲೆನೋವು ಮಾತ್ರ ನೂರಕ್ಕೆ 11 ಜನರಿಗೆ, ಹೆರಿಗೆಯಾದ ಹೆಂಗಸರಲ್ಲಿ ಅದರ ಎರಡರಷ್ಟು. ಕೆಲವರಿಗೆ ತಿಂಗಳುಗಟ್ಟಲೆ. ಮನೆಗೆ ಹೋದವರನ್ನೂ ವಿಚಾರಿಸಿದ್ದರಿಂದಲೇ ಆ ಕೊನೆಯ ಮಾತು ಹೊರಬಂತು.

ತೇಪೆಯ ಕಥೆ ಶುರುವಾಗುವುದು 1960ರಲ್ಲಿ, ಜೇಮ್ಸ್ ಗಾರ್ಮ್ಲಿ ಎಂಬ ಅಮೆರಿಕದ ಶಸ್ತ್ರವೈದ್ಯರಿಂದ. ಚುಚ್ಚುವಾಗ ಕೈತಪ್ಪಿ ರಕ್ತ ಬಂದರೆ ಅದು ಕೆಟ್ಟ ಕೆಲಸಗಾರಿಕೆ ಎಂದು ಎಲ್ಲರೂ ಮುಖ ಸಿಂಡರಿಸುತ್ತಿದ್ದರು. ಹಾಗೆ ರಕ್ತ ಬಂದವರಿಗೆ ತಲೆನೋವು ಕಡಿಮೆ ಎಂಬುದು ಗಾರ್ಮ್ಲಿ ಕಣ್ಣಿಗೆ ಬಿತ್ತು. ರೋಗಿಯದೇ ತೋಳಿನಿಂದ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು, ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ, ಹಳೆಯ ತೂತಿನ ಹತ್ತಿರ, ಬಿಟ್ಟರು. ಏಳು ಜನರ ಮೇಲೆ ಮಾಡಿದರು; ಏಳರಲ್ಲಿ ಒಬ್ಬರು ಸ್ವತಃ ಗಾರ್ಮ್ಲಿ. ಎಲ್ಲರ ತಲೆನೋವೂ ಹೋಯಿತು. ವರದಿ ಪುಟ್ಟದು, ಓದಿದವರು ಕಡಿಮೆ, ಮಾಡಿದವರು ಇನ್ನೂ ಕಡಿಮೆ.

ಆ ಹಿಂಜರಿಕೆಯನ್ನು ಮೂಢತನ ಎನ್ನುವಂತಿಲ್ಲ. ಬೆನ್ನಿನೊಳಗೆ ಏನನ್ನೇ ಬಿಟ್ಟರೂ ನರದ ಬೇರುಗಳು ಉರಿಯೆದ್ದು, ಒಂದಕ್ಕೊಂದು ಅಂಟಿ, ಜೀವನವಿಡೀ ಉರಿನೋವು ಕೊಡುವ ಅರಕ್ನಾಯ್ಡೈಟಿಸ್ ಎಂಬ ಕಾಯಿಲೆ ಆಗ ವೈದ್ಯರ ಕಣ್ಣೆದುರೇ ಇತ್ತು. 1940ರ ದಶಕದಿಂದ ಬೆನ್ನಿನ ಎಕ್ಸ್‌ರೇಗೆ ಅಯೋಡಿನ್ ಬೆರೆತ ಎಣ್ಣೆ ಚುಚ್ಚುತ್ತಿದ್ದರು. ಅಮೆರಿಕದಲ್ಲಿ ಅದರ ಹೆಸರು ಪ್ಯಾಂಟೊಪೇಕ್, ಬ್ರಿಟನ್‌ನಲ್ಲಿ ಮಯೋಡಿಲ್. ಪರೀಕ್ಷೆ ಮುಗಿದ ಮೇಲೆ ಎಣ್ಣೆ ಅಲ್ಲೇ ಉಳಿದು ನರಗಳನ್ನು ಕಾಡಿತು. ಆ ಎಣ್ಣೆಯ ಜೊತೆ ರಕ್ತವೂ ಸೇರಿದರೆ ಹಾನಿ ಇನ್ನೂ ಹೆಚ್ಚು ಎಂದು ಹೌಲಂಡ್ ಮತ್ತು ಕರಿ 1966ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇಂಥ ಹೊತ್ತಿನಲ್ಲಿ, ಬೇಕೆಂದೇ ಬೆನ್ನಿಗೆ ರಕ್ತ ಬಿಡುತ್ತೇನೆ ಎಂದರೆ ಯಾರು ಒಪ್ಪಿಯಾರು? ರಕ್ತವೆಂದರೆ ಕೀಟಾಣುಗಳಿಗೆ ಹಬ್ಬದೂಟ ಎಂಬ ಆಕ್ಷೇಪವೂ ಇತ್ತು.

ಹತ್ತು ವರ್ಷ ಹಾಗೇ ಕಳೆಯಿತು. 1970ರಲ್ಲಿ ಆಂಥನಿ ಡಿಜಿಯೊವಾನಿ ಮತ್ತು ಡನ್‌ಬಾರ್ ಇದನ್ನು ಮತ್ತೆ ಎತ್ತಿಕೊಂಡರು. ಡಿಜಿಯೊವಾನಿ ಅಮೆರಿಕದ ವಾಯುಪಡೆಯ ಅರಿವಳಿಕೆ ವೈದ್ಯ. ಎರಡು ಮೂರರ ಬದಲು 10 ಮಿಲಿಲೀಟರ್ ರಕ್ತ. ಹತ್ತರಲ್ಲಿ ಒಂಬತ್ತು ಜನ ಗುಣವಾದರು. ಸಂದೇಹಿಗಳ ಬಾಯಿ ಮುಚ್ಚಿಸಲು 1972ರಲ್ಲಿ ಆಡುಗಳ ಬೆನ್ನಿಗೂ ಅವುಗಳದೇ ರಕ್ತ ಚುಚ್ಚಿ, ಆಮೇಲೆ ಸೀಳಿ ನೋಡಿ, ಬರೀ ಸೂಜಿ ಚುಚ್ಚಿದ್ದಕ್ಕಿಂತ ಹೆಚ್ಚಿನ ಗಾಯ ಇಲ್ಲಿಲ್ಲ ಎಂದು ತೋರಿಸಿದರು. ಬ್ರಿಟನ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಹೆರಿಗೆ ಆಸ್ಪತ್ರೆಯ ಸೆಲ್ವಿನ್ ಕ್ರಾಫರ್ಡ್ 1980ರಲ್ಲಿ ರಕ್ತದ ಪ್ರಮಾಣವನ್ನು 20 ಮಿಲಿಲೀಟರಿಗೆ ಏರಿಸಿದರು. ಈ ರಕ್ತದ ತೇಪೆ 'ಬ್ಲಡ್ ಪ್ಯಾಚ್' ಎಂಬ ಹೆಸರಿನಿಂದ ವೈದ್ಯರ ನಡುವೆ ಮನೆಮಾತಾಯಿತು.

ಮಾಡುವ ಬಗೆ ಅಂದಿನಿಂದ ಹೆಚ್ಚು ಬದಲಾಗಿಲ್ಲ. ರೋಗಿ ಮಗ್ಗುಲಾಗಿ ಮಂಡಿ ಎದೆಗೆ ಎಳೆದುಕೊಂಡು ಮಲಗುತ್ತಾರೆ. ಒಬ್ಬ ವೈದ್ಯರು ಬೆನ್ನು ಸ್ವಚ್ಛ ಮಾಡಿ, ದಪ್ಪನೆಯ ಟೂಹಿ ಸೂಜಿಯನ್ನು ಕೂದಲೆಳೆಯಷ್ಟೇ ಮುಂದೊತ್ತುತ್ತಾ, ಸಿರಿಂಜಿನ ಬಿಗಿ ಥಟ್ಟನೆ ಸಡಿಲುವ ಗಳಿಗೆಗೆ ಕಾಯುತ್ತಾರೆ. ಸಡಿಲಿದರೆ ಎಪಿಡ್ಯೂರಲ್ ಜಾಗ ಸಿಕ್ಕಿತು. ಒಂದು ಕೂದಲೆಳೆ ಹೆಚ್ಚಾದರೆ ಪೊರೆಯಲ್ಲಿ ಇನ್ನೊಂದು ತೂತು. ಅಷ್ಟರಲ್ಲಿ ಇನ್ನೊಬ್ಬ ವೈದ್ಯರು ಮೊಣಕೈ ಸಂದಿಯ ರಕ್ತನಾಳದಿಂದ, ಅಷ್ಟೇ ಶುಚಿಯಾಗಿ, 20 ಮಿಲಿಲೀಟರ್ ತೆಗೆದು ಕೈಗಿಡುತ್ತಾರೆ. ಹೆಪ್ಪುಗಟ್ಟುವ ಮೊದಲೇ ಅದು ನಿಧಾನವಾಗಿ ಒಳಗಿಳಿಯಬೇಕು. ಬೆನ್ನು ಬಿಗಿಯುತ್ತಿದೆ, ಕಾಲಿಗೆ ಎಳೆಯುತ್ತಿದೆ ಎಂದು ರೋಗಿ ಹೇಳಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ನಡೆಯುವುದು ನೋಡಿದವರು ಮರೆಯುವಂಥದ್ದಲ್ಲ: ಮೂರು ದಿನದಿಂದ ಮಗುವಿಗೆ ಕೂತು ಹಾಲೂಡಿಸಲಾಗದ ಬಾಣಂತಿ ಒಂದೆರಡು ಗಂಟೆಯಲ್ಲಿ ಎದ್ದು ಕೂರುತ್ತಾಳೆ. ಕೆಲವರಿಗೆ ಸೂಜಿ ತೆಗೆಯುವ ಮೊದಲೇ ತಲೆ ಹಗುರ.

ಇಷ್ಟು ಬೇಗ ಹೇಗೆ? ಸೈಕಲ್ ಟ್ಯೂಬಿನ ಪಂಕ್ಚರಿಗೆ ಅಂಟಿಸಿದ ತುಂಡಿನಂತೆ ರಕ್ತದ ಗರಣೆ ತೂತಿಗೆ ಕೂರುತ್ತದೆ ಎಂದೇ ಬಹಳ ಕಾಲ ನಂಬಿದ್ದರು. 1993ರಲ್ಲಿ ಬಿಯರ್ಡ್ಸ್ ಮತ್ತು ಸಂಗಡಿಗರು ತೇಪೆ ಹಾಕಿಸಿಕೊಂಡವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದಾಗ ಕಂಡದ್ದು ಬೇರೆ. ರಕ್ತ ಮೂರರಿಂದ ಐದು ಮೂಳೆಗಳ ಉದ್ದಕ್ಕೆ ಹರಡಿ, ಪೊರೆಯ ಚೀಲವನ್ನೇ ಹೊರಗಿನಿಂದ ಅಮುಕುತ್ತದೆ. ಕೆಳಗೆ ಹಿಸುಕಿದಾಗ ದ್ರವ ತಲೆಯ ಕಡೆ ಏರುತ್ತದೆ. ತಕ್ಷಣದ ಆರಾಮ ಅದರಿಂದ. ಏಳು ಗಂಟೆ ಕಳೆಯುವಷ್ಟರಲ್ಲಿ ಆ ಅಮುಕು ಇಳಿದು, ಗರಣೆ ಮಾತ್ರ ತೂತಿನ ಮೇಲೆ ಉಳಿಯುತ್ತದೆ. ಎರಡು ಬೇರೆ ಬೇರೆ ಕೆಲಸ. ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ಮರುದಿನ ತಲೆನೋವು ವಾಪಸ್. ಒಂದು ದಿನದ ಫಲಿತಾಂಶ ನೋಡಿ ಜಯಘೋಷ ಮಾಡಿದವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ಹಾಗಾಗಿ ತೇಪೆಯ ಯಶಸ್ಸಿನ ಅಂಕಿ ದಶಕದಿಂದ ದಶಕಕ್ಕೆ ಸಣ್ಣದಾಗುತ್ತ ಬಂತು. ಎಪ್ಪತ್ತರ ದಶಕದಲ್ಲಿ ನೂರಕ್ಕೆ ತೊಂಬತ್ತು. ಇಂದು ಬ್ರಿಟನ್‌ನ ಹೆರಿಗೆ ಅರಿವಳಿಕೆ ತಜ್ಞರ ಸಂಘ ಹೇಳುವ ಮಾತು ಬೇರೆ: ಎಪಿಡ್ಯೂರಲ್‌ನ (ಹೆರಿಗೆ ನೋವು ತಗ್ಗಿಸಲು ಆ ಜಾಗಕ್ಕೆ ಮದ್ದು ಬಿಡುವ ವಿಧಾನದ) ದಪ್ಪ ಸೂಜಿಯಿಂದ ಆದ ತೂತಾದರೆ ಒಂದೇ ತೇಪೆಯಲ್ಲಿ ಪೂರ್ತಿ ಗುಣವಾಗುವವರು ಮೂವರಲ್ಲಿ ಒಬ್ಬರು ಇರಬಹುದು, ಪೂರ್ತಿಯೋ ಭಾಗಶಃವೋ ಆರಾಮವಾಗುವವರು ನೂರಕ್ಕೆ 50ರಿಂದ 80. ತೇಪೆ ಸುಳ್ಳು ಎಂದು ಇದರರ್ಥವಲ್ಲ. 2008ರಲ್ಲಿ ನೆದರ್ಲೆಂಡ್ಸ್‌ನ ವಾನ್ ಕೂಟೆನ್ ತಂಡ 40 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿತು. ವಾರದ ಕೊನೆಗೆ ಮಾಮೂಲಿ ಚಿಕಿತ್ಸೆಯವರಲ್ಲಿ 21ಕ್ಕೆ 18 ಜನರಿಗೆ ತಲೆನೋವು ಇನ್ನೂ ಇತ್ತು, ತೇಪೆಯವರಲ್ಲಿ 19ಕ್ಕೆ ಬರೀ ಮೂವರಿಗೆ. ಅವರಿಗೆ ಆಗಿದ್ದದ್ದು ಸಣ್ಣ ಸೂಜಿಯ ತೂತು ಎಂಬುದನ್ನೂ ನೆನಪಿಡಬೇಕು.

ಇನ್ನು ತೇಪೆಯ ಅಡ್ಡಪರಿಣಾಮಗಳು. 1975ರಲ್ಲಿ ಅಬುಲೈಶ್ ಮತ್ತು ಸಂಗಡಿಗರು 118 ತೇಪೆಗಳ ಬೆನ್ನು ಹತ್ತಿದಾಗ ನೂರಕ್ಕೆ 35 ಜನ ಬೆನ್ನುನೋವು ಎಂದರು. ಬಹುಪಾಲು ಕೆಲವು ದಿನದ್ದು. ಸ್ವಲ್ಪ ಜ್ವರ, ಕತ್ತುನೋವು, ಕಾಲಿಗೆ ಸೆಳೆತ, ಹಾಕುವಾಗ ನಾಡಿ ನಿಧಾನವಾಗುವುದು ಇವೂ ಪಟ್ಟಿಯಲ್ಲಿವೆ. ತೂತು ಮುಚ್ಚಲು ಹೋದ ಸೂಜಿಯೇ ಇನ್ನೊಂದು ತೂತು ಮಾಡುವ ವ್ಯಂಗ್ಯವೂ ನಡೆಯುತ್ತದೆ. ಅಪರೂಪವಾದರೂ ಘೋರವಾದದ್ದು ರಕ್ತ ಪೊರೆಯ ಹೊರಗೆ ನಿಲ್ಲದೆ ಒಳಗೇ ಹೋಗಿಬಿಡುವುದು. 1997ರಲ್ಲಿ ಆಲ್ಡ್ರೆಟೆ ಮತ್ತು ಬ್ರೌನ್ ಅಂಥ ಒಂದು ಪ್ರಕರಣ ಪ್ರಕಟಿಸಿದರು. ತಲೆನೋವು ಬರುವ ಮೊದಲೇ, ಮುನ್ನೆಚ್ಚರಿಕೆಗೆಂದು, ಎಪಿಡ್ಯೂರಲ್ ನಳಿಕೆಯ ಮೂಲಕವೇ ತೇಪೆ ಹಾಕಲಾಗಿತ್ತು. ರಕ್ತ ನರಗಳ ನಡುವೆ ಗರಣೆಗಟ್ಟಿ, ಗಾರ್ಮ್ಲಿಯ ಕಾಲದವರು ಹೆದರಿದ್ದ ಅದೇ ಅರಕ್ನಾಯ್ಡೈಟಿಸ್ ತಲೆಯೆತ್ತಿತು. ಮುನ್ನೆಚ್ಚರಿಕೆಯ ತೇಪೆಗೆ ಆಗ ಒಳ್ಳೆಯ ಹೆಸರಿತ್ತು. 2004ರಲ್ಲಿ ಷಿಕಾಗೊದ ಸ್ಕಾವೋನೆ ತಂಡ 64 ಬಾಣಂತಿಯರಲ್ಲಿ ಅರ್ಧ ಜನಕ್ಕೆ ನಿಜವಾದ ತೇಪೆ, ಅರ್ಧ ಜನಕ್ಕೆ ಬರೀ ನಾಟಕದ ತೇಪೆ ಹಾಕಿ ನೋಡಿತು. ಎರಡೂ ಕಡೆ 32ರಲ್ಲಿ 18 ಜನರಿಗೆ ತಲೆನೋವು ಬಂತು. ಅಲ್ಲಿಗೆ ಆ ಉತ್ಸಾಹ ತಣ್ಣಗಾಯಿತು.

ಅಷ್ಟು ಹೊತ್ತಿಗೆ ತೇಪೆ ಇನ್ನೊಂದು ಬಗೆಯ ರೋಗಿಯ ಬಳಿಗೂ ಹೋಗಿತ್ತು. ಇವರಿಗೆ ಯಾರೂ ಸೂಜಿ ಚುಚ್ಚಿಲ್ಲ. ಬೆನ್ನಿನ ಪೊರೆ ತಾನಾಗಿಯೇ ಎಲ್ಲೋ ಹರಿದು ದ್ರವ ಸೋರುತ್ತದೆ. 1938ರಲ್ಲಿ ಜರ್ಮನಿಯ ಗೆಯೋರ್ಗ್ ಶಾಲ್ಟೆನ್‌ಬ್ರಾಂಡ್ ಇದನ್ನು ಬಣ್ಣಿಸಿದ್ದರೂ, ಎಂಆರ್‌ಐ ಬಂದು, ಮೇಯೊ ಕ್ಲಿನಿಕ್‌ನ ಬಹ್ರಾಮ್ ಮೋಕ್ರಿ ಮೊದಲಾದವರು ಜಗ್ಗಿದ ಮಿದುಳಿನ ಚಿತ್ರ ಹೇಗಿರುತ್ತದೆ ಎಂದು ತೋರಿಸುವವರೆಗೆ ಹೆಚ್ಚಿನ ವೈದ್ಯರು ಅದನ್ನು ನಂಬಿರಲಿಲ್ಲ. ಲಾಸ್ ಏಂಜಲಿಸ್‌ನ ವೌಟರ್ ಶೀವಿಂಕ್ 2003ರಲ್ಲಿ 18 ರೋಗಿಗಳ ಹಳೆಯ ಕಡತ ತೆರೆದು ನೋಡಿದರು. 17 ಜನರಿಗೆ ಮೊದಲು ತಪ್ಪು ರೋಗದ ಹೆಸರು ಹೇಳಲಾಗಿತ್ತು: ಮೈಗ್ರೇನ್, ಮೆನಿಂಜೈಟಿಸ್, ಮನೋರೋಗ. ಒಬ್ಬರಿಗೆ ಸರಿಯಾದ ಹೆಸರು ಸಿಗಲು 13 ವರ್ಷ ಹಿಡಿದಿತ್ತು.

ಪ್ರಸಿದ್ಧರಿಗೆ ಬಂದಾಗ ಕಾಯಿಲೆಗೆ ಕಿವಿಗಳು ಸಿಗುತ್ತವೆ. ನಟ ಜಾರ್ಜ್ ಕ್ಲೂನಿ 'ಸಿರಿಯಾನಾ' ಚಿತ್ರದ ಚಿತ್ರೀಕರಣದಲ್ಲಿ ಬಿದ್ದು ಪೊರೆ ಹರಿದುಕೊಂಡರು. ಆ ತಲೆನೋವಿನಲ್ಲಿ ಸಾಯುವ ಯೋಚನೆಯೂ ಬಂದಿತ್ತೆಂದು ಆಮೇಲೆ ಹೇಳಿಕೊಂಡರು. ಬ್ಯಾಸ್ಕೆಟ್‌ಬಾಲ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕೋಚ್ ಸ್ಟೀವ್ ಕರ್ ಅವರದು ಇನ್ನೂ ಉದ್ದದ ಕಥೆ. 2015ರ ಜುಲೈಯಲ್ಲಿ ಬೆನ್ನಿನ ಡಿಸ್ಕ್ ಶಸ್ತ್ರಕ್ರಿಯೆಯಾಯಿತು, ಪೊರೆ ಸೋರತೊಡಗಿತು. ಸೆಪ್ಟೆಂಬರಿನಲ್ಲಿ ಮತ್ತೊಂದು ಶಸ್ತ್ರಕ್ರಿಯೆಯಾದರೂ ಋತುವಿನ ಮೊದಲ 43 ಪಂದ್ಯಗಳಿಗೆ ಅವರು ಅಂಗಣಕ್ಕೆ ಬರಲಾಗಲಿಲ್ಲ. ತಂಡ ಅದರಲ್ಲಿ 39 ಗೆದ್ದಿತು. ಎರಡು ವರ್ಷದ ಮೇಲೆ, 2017ರ ಪ್ಲೇಆಫ್ ನಡುವೆ, ಮತ್ತೆ ರಜೆ ಹಾಕಿ, ಇಂಥ ಸೋರಿಕೆಗೆ ಹೆಸರಾದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡರು. ಪೂರ್ತಿ ಗುಣವಾಗಲಿಲ್ಲ, ತುಸು ಹಗುರಾಯಿತು. ಸಾಧ್ಯವಾದರೆ ಬೆನ್ನಿನ ಶಸ್ತ್ರಕ್ರಿಯೆಯಿಂದ ದೂರ ಇರಿ ಎಂದು ಪತ್ರಕರ್ತರ ಎದುರೇ ಹೇಳಿದರು. ಎಲ್ಲರಿಗೂ ಅನ್ವಯಿಸುವ ಸಲಹೆಯಲ್ಲ ಅದು, ಅನುಭವಿಸಿದವರು ಹಾಗೆ ಹೇಳದೆ ಇರಲಾರರು.

ಈ ರೋಗಿಗಳಲ್ಲಿ ತೂತು ಎಲ್ಲಿದೆಯೆಂಬುದೇ ಮೊದಲು ಗೊತ್ತಿರುವುದಿಲ್ಲ. ಆದ್ದರಿಂದ ತೇಪೆಗಳೂ ದೊಡ್ಡದಾದವು, ಸೊಂಟದಿಂದ ಎದೆ ಮತ್ತು ಕತ್ತಿನ ಮಟ್ಟಕ್ಕೂ ಏರಿದವು, ಮತ್ತೆ ಮತ್ತೆ ಹಾಕಬೇಕಾಯಿತು. ರಕ್ತ ಸಾಲದಿದ್ದಲ್ಲಿ ಫೈಬ್ರಿನ್ ಎಂಬ ಅಂಟನ್ನು ಬಳಸಿದರು. ಆ ಅಂಟನ್ನು ಎರಡನೆಯ ಸಲ ಪಡೆದಾಗ ಉಸಿರುಗಟ್ಟುವ, ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿ ಆಗಬಹುದೆಂದು ಶೀವಿಂಕ್ ತಂಡವೇ 2008ರಲ್ಲಿ ವರದಿ ಮಾಡಿತು.

ಎಲ್ಲಕ್ಕಿಂತ ದಾರಿ ತಪ್ಪಿಸುವ ತೊಡಕನ್ನು ಮೋಕ್ರಿ 2002ರಲ್ಲಿ ದಾಖಲಿಸಿದರು. ತಿಂಗಳುಗಟ್ಟಲೆ ಸೋರಿಕೆಗೆ ಒಗ್ಗಿಹೋದ ದೇಹದಲ್ಲಿ ತೂತು ಒಮ್ಮೆಲೇ ಮುಚ್ಚಿದರೆ ಒತ್ತಡ ಬೇಕಾದ್ದಕ್ಕಿಂತ ಮೇಲಕ್ಕೆ ಹೋಗುತ್ತದೆ. ಆಗಲೂ ತಲೆನೋವೇ, ಆದರೆ ತಿರುಗಾಮುರುಗಾ. ಮೊದಲು ಮಲಗಿದರೆ ಆರಾಮ ಇತ್ತು, ಈಗ ಮಲಗಿದರೆ ಹೆಚ್ಚು. ಮೊದಲು ಹಿಂದಲೆಯಲ್ಲಿದ್ದ ನೋವು ಈಗ ಹಣೆಯಲ್ಲಿ, ಕಣ್ಣಿನ ಹಿಂದೆ. ಜೊತೆಗೆ ವಾಂತಿ, ಮಸುಕು ನೋಟ. ತೇಪೆ ಹಿಡಿಯಲಿಲ್ಲವೆಂದು ಭಾವಿಸಿ ಇನ್ನೊಂದು ತೇಪೆ ಹಾಕಿದರೆ ಬೆಂಕಿಗೆ ತುಪ್ಪ. ಇಲ್ಲಿ ಬೇಕಾದದ್ದು ದ್ರವದ ಊಟೆ ತಗ್ಗಿಸುವ ಅಸೆಟಜೋಲಮೈಡ್ ಮಾತ್ರೆ, ತಲೆ ಎತ್ತರಿಸಿ ಮಲಗುವುದು. ಶೀವಿಂಕ್ 2019ರಲ್ಲಿ 113 ಜನರ ಲೆಕ್ಕ ಕೊಟ್ಟಾಗ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಹೀಗಾಗಿತ್ತು. 2014ರಲ್ಲಿ ಅವರದೇ ತಂಡ ಇನ್ನೊಂದು ಕಳ್ಳದಾರಿ ಕಂಡುಹಿಡಿದಿತ್ತು: ಕೆಲವರಲ್ಲಿ ದ್ರವ ಹೊರಗೆ ಸೋರುವುದೇ ಇಲ್ಲ, ನೇರ ಪಕ್ಕದ ಅಭಿಧಮನಿಗೆ ಹರಿದುಹೋಗುತ್ತದೆ. ಅಂಥವರಿಗೆ ವರ್ಷಗಟ್ಟಲೆ ಹಾಕಿದ ತೇಪೆಗಳು ಯಾಕೆ ನಿಲ್ಲಲಿಲ್ಲವೆಂದು ಆಗ ಅರ್ಥವಾಯಿತು.

ಹೆರಿಗೆ ಕೋಣೆಯ ಕಡೆ ಇನ್ನೂ ಒಂದು ಬಾಕಿ ಉಳಿದಿತ್ತು. ಎಪಿಡ್ಯೂರಲ್ ಹಾಕುವಾಗ ನೂರಕ್ಕೆ ಒಂದೂವರೆ ಸಲ ದಪ್ಪ ಸೂಜಿ ಪೊರೆ ದಾಟುತ್ತದೆ, ಅವರಲ್ಲಿ ಅರ್ಧದಷ್ಟು ಜನರಿಗೆ ತಲೆನೋವು ಬರುತ್ತದೆ. ವಾರದಲ್ಲಿ ವಾಸಿಯಾಗುತ್ತದೆ ಎಂದು ಸಮಾಧಾನ ಹೇಳಿ ಮನೆಗೆ ಕಳಿಸುವುದೇ ವಾಡಿಕೆ. 2012ರಲ್ಲಿ ವೆಬ್ ಮತ್ತು ಸಂಗಡಿಗರು ಅಂಥ 40 ತಾಯಂದಿರನ್ನು ಒಂದೆರಡು ವರ್ಷದ ಮೇಲೆ ಹುಡುಕಿ ಕೇಳಿದಾಗ, ನೂರಕ್ಕೆ 28ರಂತೆ ಇನ್ನೂ ತಲೆನೋವು ಅನುಭವಿಸುತ್ತಿದ್ದರು. ತೂತಾಗದ ಹೆಂಗಸರಲ್ಲಿ ಅದು ಐದು. 2020ರಲ್ಲಿ ಅಮೆರಿಕದ ಎರಡು ಕೋಟಿಗೂ ಹೆಚ್ಚು ಹೆರಿಗೆಗಳ ದಾಖಲೆ ಜಾಲಾಡಿದಾಗ ಇನ್ನೊಂದು ಅಂಶ ಸಿಕ್ಕಿತು. ಈ ತಲೆನೋವು ಬಂದ ಒಂದು ಲಕ್ಷ ಬಾಣಂತಿಯರಲ್ಲಿ ಸುಮಾರು 147 ಜನರಿಗೆ ಮಿದುಳಿನ ಹೊರಪೊರೆಯ ಕೆಳಗೆ ರಕ್ತಸ್ರಾವ ಆಗಿತ್ತು. ಒಟ್ಟು ಹೆರಿಗೆಗಳಲ್ಲಿ ಅದರ ಪ್ರಮಾಣ ಲಕ್ಷಕ್ಕೆ ಒಂದೂವರೆ. ಜಗ್ಗಿದ ಮಿದುಳು ಮೇಲಿನ ಸೂಕ್ಷ್ಮ ನಾಳಗಳನ್ನು ಎಳೆದು ಹರಿಯುತ್ತದೆ. ಬ್ರಿಟನ್‌ನಲ್ಲಿ ತಾಯಂದಿರ ಮರಣಗಳನ್ನು ಪರಿಶೀಲಿಸುವ ಸಮಿತಿ 2014ರ ವರದಿಯಲ್ಲಿ, ಬೆನ್ನಿನ ಪೊರೆ ತೂತಾದ ಮೇಲೆ ಸತ್ತ ಇಬ್ಬರ ಪ್ರಕರಣ ಎತ್ತಿಕೊಂಡು, ಮನೆಗೆ ಹೋದವರನ್ನು ವಿಚಾರಿಸುವ ಏರ್ಪಾಡಿನ ಕೊರತೆಯ ಮೇಲೆ ಬೆರಳಿಟ್ಟಿತು.

ಇನ್ನು ನಮ್ಮಲ್ಲಿ ಸೊಂಟನೋವಿಗೆಲ್ಲ 'ಆವತ್ತು ಬೆನ್ನಿಗೆ ಕೊಟ್ಟ ಇಂಜೆಕ್ಷನ್' ಕಾರಣ ಎನ್ನುವ ಅತ್ತೆ, ಅಜ್ಜಿಯರಿದ್ದಾರೆ. ದೀರ್ಘಕಾಲದ ಸೊಂಟನೋವಿಗೂ ಸ್ಪೈನಲ್ ಸೂಜಿಗೂ ನಂಟಿದೆ ಎಂದು ಅಧ್ಯಯನಗಳು ತೋರಿಸಿಲ್ಲ. ಮಾತನಾಡಬೇಕಾದ ತಲೆನೋವಿನ ಬಗ್ಗೆ ಮಾತ್ರ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಬಾಣಂತನದಲ್ಲಿ ನಿದ್ದೆಗೆಟ್ಟದ್ದು ಎಂದು ಹೇಳಿ ಮುಗಿಸುತ್ತಾರೆ.

2023ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಈ ತಲೆನೋವಿಗೆಂದೇ ಮಾರ್ಗಸೂಚಿ ಹೊರಡಿಸಿದರು. ಮಾಮೂಲಿ ಮಾತ್ರೆಗೆ ಬಗ್ಗದೆ ದಿನದ ಕೆಲಸ ನಿಲ್ಲಿಸುವಷ್ಟು ತಲೆನೋವಿದ್ದರೆ ತೇಪೆ ಹಾಕಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಅದರ ಸುತ್ತ ಸೇರಿದ ಮಾತುಗಳೇ ಹೊಸವು. ಬೆನ್ನುನೋವು ಬರಬಹುದು, ಇನ್ನೊಂದು ತೂತಾಗಬಹುದು, ಮತ್ತೆ ತೇಪೆ ಬೇಕಾಗಬಹುದು ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ತಲೆನೋವು ಪೂರ್ತಿ ಹೋಗುವವರೆಗೆ, ಮನೆಗೆ ಹೋದ ಮೇಲೂ, ಸಂಪರ್ಕದಲ್ಲಿರಬೇಕು. ಎದ್ದಾಗ ಹೆಚ್ಚು, ಮಲಗಿದಾಗ ಕಡಿಮೆ ಎಂಬ ಗುಣ ಬದಲಾದರೆ, ಅಥವಾ ಎರಡು ತೇಪೆ ಹಾಕಿದ ಮೇಲೂ ನೋವು ಬಿಡದಿದ್ದರೆ, ಮೂರನೆಯದಕ್ಕೆ ರಕ್ತ ತೆಗೆಯುವ ಮೊದಲು ತಲೆಯ ಸ್ಕ್ಯಾನ್ ಮಾಡಿಸಬೇಕು.